ನೋಡಾಕೆ ಏನೈತೆ?

ಅಕ್ಕನನ್ನು ಮಂಗಳೂರಿಗೆ ಕೊಟ್ಟ ಮೇಲೆ ನಮ್ಮ ಮನೆಯವರಿಗೆ ಹೊಸದೊಂದು ಪೇಚು ಶುರುವಾಯಿತು. ಭಾವ ಬಂದಾಗಲೆಲ್ಲ ಊರು ತೋರಿಸಬೇಕು. ನಾವು ಅಲ್ಲಿಗೆ ಹೋದರೆ ಸುಲ್ತಾನ್ ಬತ್ತೇರಿ, ಕದ್ರಿ ದೇವಸ್ಥಾನ, ಹಳೇ ಬಂದರಿನ ಧಕ್ಕೆ, ಪಣಂಬೂರಿನಲ್ಲಿ ನಿಂತ ಹಡಗು, ಒಂದು ದಿನ ಸಾಲುತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಏನು ತೋರಿಸುವುದು? ‘ಇಲ್ಲಿ ನೋಡ್ಲಿಕ್ಕೆ ಎಂತ ಉಂಟು?’ ಎಂದು ಭಾವ ಕೇಳಿದರೆ ಅಪ್ಪ ಚಿತ್ರದುರ್ಗದ ಕೋಟೆಯ ಕಡೆ ಕೈ ತೋರಿಸಿಬಿಡುತ್ತಿದ್ದರು. ದಲ್ಲಾಳಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಚಿಕ್ಕಪ್ಪನಿಗೆ ಮಾತ್ರ ಆ ಸಂಕೋಚವಿರಲಿಲ್ಲ. ‘ಬರ್ರಿ ಅಳಿಯಂದ್ರೆ, ಮಿಲ್ ತೋರಿಸ್ತೀನಿ’ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು.

ಎಂಬತ್ತರ ದಶಕದ ಚಳ್ಳಕೆರೆಯಲ್ಲಿ ಅದು ತಪ್ಪು ಆಯ್ಕೆಯಾಗಿರಲಿಲ್ಲ. ದೀಪಾವಳಿ ಹತ್ತಿರ ಬಂತೆಂದರೆ ಸುತ್ತಣ ಹಳ್ಳಿಗಳ ಶೇಂಗಾ ಮಾರುಕಟ್ಟೆಗೆ ಬಂದು ಬೀಳುತ್ತಿತ್ತು. ರಾಯದುರ್ಗ, ಕಲ್ಯಾಣದುರ್ಗದ ಕಡೆಯ ತೆಲುಗು ರೈತರೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಎಣ್ಣೆ ನಗರ, ಎರಡನೇ ಬಾಂಬೆ ಎಂದೆಲ್ಲ ಊರಿಗೆ ಬಿರುದು. ಬೆಳಿಗ್ಗೆ ಬಾಂಬೆಗೆ ಟ್ರಂಕ್ ಕಾಲ್ ಹಾಕಿ ದರ ಕೇಳಿದ ಮೇಲೆಯೇ ಮಂಡಿಯಲ್ಲಿ ಬಾಯಿ ಬಿಡುತ್ತಿದ್ದುದು. ಮಿಲ್ಲಿನ ಒಳಗೆ ಮೊದಲು ಕಾಯಿ ಒಡೆಯುವ ಮಿಷನ್ನು, ಆಮೇಲೆ ಬೀಜ ಆರಿಸುವ ಹೆಂಗಸರ ಸಾಲು, ಆಚೆಗೆ ಎಕ್ಸ್‌ಪೆಲ್ಲರ್. ಒಂದು ಬದಿಯಲ್ಲಿ ಎಣ್ಣೆ, ಇನ್ನೊಂದು ಬದಿಯಲ್ಲಿ ಬಿಸಿ ಹಿಂಡಿ. ಹದಿನೈದು ಕೆ.ಜಿ.ಯ ತಗಡಿನ ಡಬ್ಬಕ್ಕೆ ಎಣ್ಣೆ ತುಂಬಿ ಬೆಸುಗೆ ಹಾಕುವುದನ್ನು ಭಾವ ಬಹಳ ಹೊತ್ತು ನಿಂತು ನೋಡಿದ್ದುಂಟು.

ಆ ಕಾಲ ಚೆನ್ನಾಗಿತ್ತು ಎಂದು ಈಗ ಹೇಳುವವರು ಹೆಚ್ಚಾಗಿ ಗಲ್ಲೆಯ ಈ ಕಡೆ ಕೂತಿದ್ದವರು. ಒಳಗೆ ದುಡಿದವರಿಗೆ ಸಿಕ್ಕಿದ್ದು ಹೊಟ್ಟಿನ ಧೂಳು, ಕಾವು, ಕೆಮ್ಮು. ಹಮಾಲರ ಬೆನ್ನು ನಲವತ್ತಕ್ಕೇ ಬಾಗಿರುತ್ತಿತ್ತು. ಬೀಜ ಆರಿಸುವ ಹೆಂಗಸರ ಕೂಲಿ ಎಷ್ಟೆಂದು ಚಿಕ್ಕಪ್ಪ ಭಾವನಿಗೆ ಹೇಳಲಿಲ್ಲ; ಭಾವ ಕೇಳಲೂ ಇಲ್ಲ.

ಮಿಲ್ಲುಗಳು ನಿಂತದ್ದಕ್ಕೆ ಊರಲ್ಲಿ ತಲೆಗೊಂದು ಕಾರಣ ಹೇಳುತ್ತಾರೆ. ಮಳೆ ಕೈಕೊಟ್ಟದ್ದು ನಿಜ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಕಂಬಳಿಹುಳು ಎಲೆ ಉಳಿಸದೆ ಮೇಯ್ದ ವರ್ಷಗಳೂ ಇದ್ದವು. ಟಿ.ಎಂ.ವಿ.-2 ತಳಿಯನ್ನೇ ತಲೆಮಾರುಗಟ್ಟಲೆ ಬಿತ್ತಿದ್ದೂ ಹೌದು. ಆದರೆ ದೊಡ್ಡ ಏಟು ಬಿದ್ದದ್ದು ಕಡಲಿನಿಂದ. 1994ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಯನ್ನು ಲೈಸೆನ್ಸ್ ಇಲ್ಲದೆ ತರಿಸಬಹುದಾದ ಪಟ್ಟಿಗೆ ಸೇರಿಸಿತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಸುಂಕವನ್ನೂ ಇಳಿಸುತ್ತ ಹೋಯಿತು. ಮಲೇಷ್ಯಾ, ಇಂಡೋನೇಷ್ಯಾದ ಎಣ್ಣೆ ಹಡಗುಗಳಲ್ಲಿ ಬಂದಿಳಿಯತೊಡಗಿತು. ಅದು ಬಂದಿಳಿದ ರೇವುಗಳಲ್ಲಿ ಪಣಂಬೂರೂ ಒಂದು. ಇಂದಿರಾ ಗಾಂಧಿಯವರು 1975ರ ಜನವರಿಯಲ್ಲಿ ಉದ್ಘಾಟಿಸಿದ ಅದೇ ನವಮಂಗಳೂರು ಬಂದರು. ಅಕ್ಕನ ಮನೆಗೆ ಹೋದಾಗ ನಾವು ಹಡಗು ನೋಡಿ ಕುಣಿಯುತ್ತಿದ್ದ ಜಾಗ. ಒಂದು ಸಲ ಚಿಕ್ಕಪ್ಪನೂ ಜೊತೆಗೆ ಬಂದಿದ್ದರು. ಬೈಕಂಪಾಡಿಯ ಕಡೆ ಸಾಲಾಗಿ ನಿಂತ ಎಣ್ಣೆ ಟ್ಯಾಂಕುಗಳನ್ನು ಭಾವ ತೋರಿಸಿದಾಗ, ‘ಇದೊಂದರಾಗೆ ನಮ್ಮೂರಿನ ಒಂದು ಸೀಜನ್ನು ಹಿಡಿಯುತ್ತೆ’ ಎಂದು ಲೆಕ್ಕ ಹಾಕಿ ಸುಮ್ಮನಾದರು.

ಈಗ ಚಳ್ಳಕೆರೆಯಲ್ಲಿ ಬೆರಳೆಣಿಕೆಯಷ್ಟು ಮಿಲ್ಲುಗಳು ಓಡುತ್ತಿವೆ. ಉಳಿದವು ಗೋದಾಮಾಗಿವೆ, ಕಲ್ಯಾಣ ಮಂಟಪವಾಗಿವೆ, ಸೈಟುಗಳಾಗಿ ಒಡೆದುಹೋಗಿವೆ. ಶೇಂಗಾದ ಊರಿನ ಹೋಟೆಲಿನಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವುದು ತಾಳೆ ಎಣ್ಣೆಯಲ್ಲಿ. ರುಚಿ ಗೊತ್ತಾಗುತ್ತದೆ, ಒಗ್ಗರಣೆ ಮಂಡಕ್ಕಿಯ ಜೊತೆ ತಿಂದರೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಮಿಲ್ ಬಿಟ್ಟರೆ ನೆಂಟರಿಗೆ ನಾವು ತೋರಿಸುತ್ತಿದ್ದುದು ಕಾವಲು. ಮೈಸೂರು ಒಡೆಯರ ಕಾಲದ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಮಾಡಿದ. ಆ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳಲ್ಲಿ ದೊಡ್ಡವು ನಮ್ಮ ತಾಲ್ಲೂಕಿನಲ್ಲಿದ್ದವು. ನೋಡಲು ಅಲ್ಲಿ ಏನೂ ಇರಲಿಲ್ಲ ಎನ್ನುವುದೇ ಅದರ ಚೆಲುವು. ಆಳೆತ್ತರದ ಮರವಿಲ್ಲ, ಬೇಲಿಯಿಲ್ಲ. ಹುಲ್ಲು, ಕುರಿ, ದೂರದಲ್ಲಿ ಜಿಂಕೆ ಹಿಂಡು. ಕರಾವಳಿಯ ಹಸಿರಿನಲ್ಲಿ ಬೆಳೆದ ಭಾವನಿಗೆ ಇದು ಬೆಂಗಾಡಾಗಿ ಕಂಡಿತು. ಆದರೆ ಚಳ್ಳಕೆರೆಯ ಕಂಬಳಿ ಹುಟ್ಟಿದ್ದು ಆ ಬೆಂಗಾಡಿನಲ್ಲೇ. ಕಾವಲಿನಲ್ಲಿ ಮೇಯ್ದ ಕುರಿಯ ಉಣ್ಣೆ, ಹುಣಸೆ ಬೀಜದ ಗಂಜಿ, ಕುರುಬರ ಮನೆಯ ಮಗ್ಗ.

2007ರಿಂದ 2010ರ ಒಳಗೆ ಈ ಕಾವಲುಗಳು ಕೈಬದಲಾದವು. ವರವು ಕಾವಲಿನಲ್ಲಿ ಡಿ.ಆರ್.ಡಿ.ಓ.ಗೆ 4,290 ಎಕರೆ, ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಇಸ್ರೋಗೆ 573. ಹಳ್ಳಿಯವರಿಗೆ ಸರಿಯಾಗಿ ತಿಳಿದದ್ದು ಗೋಡೆ ಎದ್ದ ಮೇಲೆ. ಪ್ರತಿಭಟನೆ ನಡೆಯಿತು, ಹಸಿರು ನ್ಯಾಯಮಂಡಳಿಗೂ ದೂರು ಹೋಯಿತು, ಗೋಡೆ ಮಾತ್ರ ನಿಂತಿತು. 2017ರ ಮೇ ತಿಂಗಳಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಸ್ರೋದ ಮರುಬಳಕೆಯ ಬಾಹ್ಯಾಕಾಶ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಎತ್ತಿ ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಬಂದು ಓಡುದಾರಿಯಲ್ಲಿ ಇಳಿಯಿತು. 2024ರಲ್ಲಿ ಮತ್ತೆರಡು ಸಲ ಇಳಿಯಿತು. ಇಷ್ಟು ದೊಡ್ಡ ನೋಟ ಚಳ್ಳಕೆರೆಯ ನೆಲದಲ್ಲಿ ಹಿಂದೆಂದೂ ನಡೆದಿರಲಿಲ್ಲ. ಗೋಡೆಯ ಆಚೆಗಿನ ಕುರಿಗಾಹಿಯೂ ಬೆಂಗಳೂರಿನ ನಾನೂ ಅದನ್ನು ನೋಡಿದ್ದು ಮೊಬೈಲಿನಲ್ಲೇ. ವಿಜ್ಞಾನ ಬೇಡ ಎನ್ನುವ ಪೈಕಿ ನಾನಲ್ಲ. ಹುಲ್ಲುಗಾವಲನ್ನು ಖಾಲಿ ಜಾಗ ಎಂದು ಬರೆದುಕೊಂಡ ಕಡತದ ಮೇಲೆ ನನ್ನ ತಕರಾರು.

ಕಾವಲು ಮುಗಿದರೆ ನೆಂಟರನ್ನು ಮೊಳಕಾಲ್ಮುರಿಗೆ ಕರೆದೊಯ್ಯುತ್ತಿದ್ದೆವು. ಆ ಹೆದ್ದಾರಿಯಲ್ಲಿ ತಳುಕು ಸಿಗುತ್ತದೆ. ಸಾಹಿತಿಗಳಾದ ಟಿ.ಎಸ್. ವೆಂಕಣ್ಣಯ್ಯ, ತ.ಸು. ಶಾಮರಾಯ, ತ.ರಾ.ಸು. ಎಲ್ಲ ಈ ಊರಿನ ಮನೆತನದವರು. ಕುವೆಂಪು ತಮ್ಮ ರಾಮಾಯಣವನ್ನು ಅರ್ಪಿಸಿದ್ದು ಈ ವೆಂಕಣ್ಣಯ್ಯನವರಿಗೆ. ಆಗ ಬಸ್ಸು ಇಲ್ಲಿ ನಿಂತು, ಕಂಡಕ್ಟರ್ ಚಹಾ ಕುಡಿದ ಮೇಲೆ ಹೊರಡುತ್ತಿತ್ತು. ಈಗ ಅಗಲವಾದ 150ಎ ಹೆದ್ದಾರಿಯಲ್ಲಿ ಊರು ಕಣ್ಣಿಗೆ ಬೀಳುವ ಮೊದಲೇ ಹಿಂದಾಗಿರುತ್ತದೆ.

ಮೊಳಕಾಲ್ಮುರಿನಲ್ಲಿ ಅಕ್ಕನಿಗೆ ಸೀರೆ, ಭಾವನಿಗೆ ಮಗ್ಗದ ದರ್ಶನ. ಕುಣಿ ಮಗ್ಗವೆಂದರೆ ನೆಲದಲ್ಲಿ ತೋಡಿದ ಗುಂಡಿ. ನೇಯುವವರ ಕಾಲು ಅದರೊಳಗೆ, ಸೊಂಟ ನೆಲದ ಮಟ್ಟಕ್ಕೆ. ಒಡಲಿಗೊಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿ ಆಡಿಸಬೇಕಾದ ಸೀರೆಗೆ ಪಕ್ಕದಲ್ಲಿ ಇನ್ನೊಬ್ಬರು ಬೇಕು. ಆಗ ಆ ಇನ್ನೊಬ್ಬರು ಸಾಮಾನ್ಯವಾಗಿ ಮನೆಯ ಹುಡುಗ ಅಥವಾ ಹುಡುಗಿ, ಶಾಲೆ ಬಿಟ್ಟು ಕೂತದ್ದು. ಸೆರಗಿನ ನವಿಲು, ಹಣ್ಣು, ಹೂವು ಎಲ್ಲ ಮೇಲೆ ತೂಗುವ ತೂತು ಕೊರೆದ ರಟ್ಟಿನಲ್ಲಿ ಮೊದಲೇ ಬರೆದಿರುತ್ತಿತ್ತು. ಮುಗಿದ ಸೀರೆಯನ್ನು ಬೆಳಕಿಗೆ ಹಿಡಿದು ತೋರಿಸಿ ಯಜಮಾನರು ಬೆಲೆ ಹೇಳಿದರೆ ಅಮ್ಮ ಅರ್ಧಕ್ಕೆ ಕೇಳುತ್ತಿದ್ದಳು. ಅವರು ನಗುತ್ತಿದ್ದರು. ಅಷ್ಟಿಷ್ಟಕ್ಕೆ ಒಪ್ಪಿ ಕೊಟ್ಟೂ ಬಿಡುತ್ತಿದ್ದರು. ಏಕೆಂದರೆ ವಾರದ ಖರ್ಚಿಗೆ ಆ ದುಡ್ಡು ಬೇಕಿತ್ತು.

2011ರಲ್ಲಿ ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಕ ಬಂತು. ಹೆಸರು ಕದಿಯಬಾರದೆಂಬ ಕಾನೂನು ಅದು. ಕಸುಬಿಗೆ ಅನ್ನ ಹಾಕುವ ಕಾನೂನಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಮೊಳಕಾಲ್ಮುರು ಕೊಡಿ ಎಂದರೆ ಈಗಲೂ ಕಂಚಿ ಬಿಚ್ಚಿ ಹಾಸುತ್ತಾರೆ. ಮಗ್ಗದ ಮನೆಗಳ ಮಕ್ಕಳು ಹೊರಗೆ ಹೋಗಿದ್ದಾರೆ, ಬಳ್ಳಾರಿಗೆ, ಬೆಂಗಳೂರಿಗೆ. ಗುಂಡಿಯೊಳಗೆ ಮೂವತ್ತು ವರ್ಷ ಕಾಲು ಇಳಿಬಿಟ್ಟ ಅಪ್ಪನ ಮಂಡಿನೋವನ್ನು ಕಂಡವರು ಅವರು. ಹೋದದ್ದು ಸರಿಯೇ. ಇಂಥ ಸೀರೆ ಉಳಿಯಲೆಂದು ಯಾರದೋ ಮಗ ಗುಂಡಿಯಲ್ಲಿ ಕೂರಲಿ ಎಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಕೂಲಿ ಏರಿದರೆ ಕೂರುವವರು ಕೂರುತ್ತಾರೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಆಗ ಹೋಗುವವರೇ ಕಡಿಮೆ. ರೊಪ್ಪ, ಸಿದ್ದಾಪುರದ ಕಡೆ ದಾರಿ ಕೇಳಿದರೆ, ‘ಯಾವೂರು ಸ್ವಾಮಿ? ಬರೀ ಬಂಡೆ ಐತೆ, ನೋಡಾಕೆ ಏನೈತೆ?’ ಎಂದು ಊರವರೇ ನಮ್ಮನ್ನು ಕೇಳುತ್ತಿದ್ದರು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇಲ್ಲಿ ಮೂರು ಕಡೆ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಊರವರು ಆ ಬಂಡೆಗಳಿಗೆ ಇಟ್ಟಿದ್ದ ಹೆಸರುಗಳನ್ನೂ ಬರೆದುಕೊಂಡರು. ಬ್ರಹ್ಮಗಿರಿಯದು ಅಕ್ಷರ ಗುಂಡು. ಸಿದ್ದಾಪುರದ್ದು ಎಮ್ಮೆ ಕಾಯುವ ತಿಮ್ಮಯ್ಯನ ಗುಂಡು. ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದು ಅದರ ಮೇಲೆಯೇ. ಚಕ್ರವರ್ತಿಯ ಮಾತಿನ ಮೇಲೆ ಬಳೆ ಹರಡಿ ಮಾರಿದವರ ಬಗ್ಗೆ ನನಗೆ ಸಿಟ್ಟಿಲ್ಲ, ಗೌರವವೇ ಇದೆ.

ಶಾಸನದಲ್ಲಿ ಸುವರ್ಣಗಿರಿಯ ರಾಜಕುಮಾರ ಆರ್ಯಪುತ್ರ ಇಸಿಲದ ಅಧಿಕಾರಿಗಳಾದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಆಮೇಲೆ ರಾಜನ ಮಾತು ತಿಳಿಸುತ್ತಾನೆ. ತಾಯಿತಂದೆಯ ಮಾತು ಕೇಳಿ, ಪ್ರಾಣಿಗಳ ಮೇಲೆ ಕರುಣೆಯಿರಲಿ, ನಿಜ ನುಡಿಯಿರಿ ಎಂಬುದು ಸಾರ. ಕೊನೆಗೆ ಬರೆದವನ ಹೆಸರು: ಚಪಡ. ಉಳಿದದ್ದೆಲ್ಲ ಬ್ರಾಹ್ಮಿ, ತಾನು ಲಿಪಿಕಾರ ಎನ್ನುವುದನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಗಡಿಯ ಲಿಪಿ ಅದು. ಮೊಳಕಾಲ್ಮುರಿನ ಬಂಡೆಯ ಮೇಲೆ ಕೂತು ತನಗೆ ಆ ಲಿಪಿಯೂ ಗೊತ್ತು ಎಂದು ತೋರಿಸಿಕೊಂಡ ಈ ಗುಮಾಸ್ತನ ಸಣ್ಣ ಜಂಬ ನನಗೆ ಅಶೋಕನ ಉಪದೇಶಕ್ಕಿಂತ ಇಷ್ಟ.

ಮಂಗಳೂರಿನ ಭಾವನಿಗೆ ಹೇಳಲೇಬೇಕಿದ್ದ ಇನ್ನೊಂದು ಸಂಗತಿ ಆಗ ನಮಗಾರಿಗೂ ಗೊತ್ತಿರಲಿಲ್ಲ. ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ 1945ರಲ್ಲಿ ಪುದುಚೇರಿ ಪಕ್ಕದ ಅರಿಕಮೇಡು ಎಂಬ ಹಳೇ ರೇವುಪಟ್ಟಣ ಅಗೆದರು. ರೋಮ್ ಜೊತೆ ವ್ಯಾಪಾರ ಮಾಡಿದ ಊರದು. ಅಲ್ಲಿ ಸಿಕ್ಕ ಒಂದು ಬಗೆಯ ಮಡಕೆಯ ಕಾಲ ರೋಮನ್ ಸಾಮಾನಿನ ಜೊತೆ ಹೋಲಿಸಿ ಗೊತ್ತಾಗಿತ್ತು. ಆ ಎಳೆ ಹಿಡಿದೇ ಅವರು 1947ರಲ್ಲಿ ಬ್ರಹ್ಮಗಿರಿಗೆ ಬಂದದ್ದು. ಅದಕ್ಕೂ ಮೊದಲು ಎಂ.ಎಚ್. ಕೃಷ್ಣ ಇಲ್ಲಿ ಅಗೆಸಿದ್ದರು. ವ್ಹೀಲರ್ ಅಗೆದಾಗ ಮೇಲಿನ ಪದರದಲ್ಲಿ ಅರಿಕಮೇಡಿನ ಮಡಕೆಯೇ ಸಿಕ್ಕಿತು; ಕೆಳಗೆ ದೊಡ್ಡ ಕಲ್ಗೋರಿಗಳ ಜನ; ಅದರ ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಯವರು. ದಕ್ಷಿಣ ಭಾರತದ ಕಾಲಗಣನೆಗೆ ಒಂದು ಏಣಿ ಸಿಕ್ಕಿದ್ದು ಕಡಲೇ ಕಾಣದ ಈ ಹೊಲಗಳಲ್ಲಿ.

ಆಗ ಅಕ್ಷರ ಗುಂಡನ್ನು ಕೈಯಿಂದ ಮುಟ್ಟಿ ನೋಡಿದ್ದೆವು. ಈಗ ಅದರ ಸುತ್ತ ಕಟ್ಟಡ, ಬಾಗಿಲಿಗೆ ಬೀಗ. ಮುಟ್ಟಲಾಗದ್ದು ಒಳ್ಳೆಯದೇ ಆಯಿತು. ನಮ್ಮಂಥವರೇ ಅದರ ಮೇಲೆ ಹೆಸರು ಕೆತ್ತುತ್ತಿದ್ದರು.

ಜಾತ್ರೆಗಳು ಮಾತ್ರ ಯಾರ ಹಂಗಿಲ್ಲದೆ ನಡೆದಿವೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದವರು, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದವರು. ತೇರಿನ ದಿನ ಕೊಬ್ಬರಿ ಸುಡುವ ಹೊಗೆ ಆಗಲೂ ಕಣ್ಣು ಉರಿಸುತ್ತಿತ್ತು, ಈಗಲೂ ಉರಿಸುತ್ತದೆ. ಮುಕ್ತಿ ಬಾವುಟದ ಹರಾಜು ಲಕ್ಷಗಳಿಗೆ ಏರಿದೆ, ಗಾಡಿ ಹೋಗಿ ಟ್ರ್ಯಾಕ್ಟರ್ ಬಂದಿದೆ. ಕಾಡುಗೊಲ್ಲರ ಕ್ಯಾತಪ್ಪನ ಪರಿಷೆಯಲ್ಲಿ ಬಾರೆ ಮುಳ್ಳಿನ ಗುಡಿಯನ್ನು ಬರಿಗಾಲಲ್ಲಿ ಹತ್ತಿ ಕಳಶ ಕೀಳುವುದನ್ನು ನೋಡಲು ಈಗ ಕ್ಯಾಮೆರಾದವರೂ ಸೇರುತ್ತಾರೆ. ಹತ್ತುವವರು ಅವರ ಕಡೆ ತಿರುಗಿಯೂ ನೋಡುವುದಿಲ್ಲ.

ಬರುವವರಿದ್ದರೆ ಬೇಸಿಗೆ ಬಿಟ್ಟು ಬನ್ನಿ, ನೀರು ತನ್ನಿ. ಮೊಳಕಾಲ್ಮುರಿನಲ್ಲಿ ಅಂಗಡಿಗೆ ಹೋಗದೆ ಮಗ್ಗದ ಸದ್ದು ಕೇಳುವ ಮನೆಯ ಬಾಗಿಲು ತಟ್ಟಿ. ಬೆಲೆ ಹೇಳಿದರೆ ಅರ್ಧಕ್ಕೆ ಕೇಳಬೇಡಿ.