ನೂರೈವತ್ತು ಲೀಟರಿನ ಮನೆ

1.
ಸ್ಯಾನ್ ಹೊಸೆ, ಸೆಪ್ಟೆಂಬರ್ 2023. ಅಳಿಯಂದಿರು ಮೋಟಾರ್ ಹೋಮ್ ಕೊಳ್ಳಬೇಕೆಂದಿದ್ದಾರೆ. ಮಗಳು ಹೂಂ ಅಂದಿದ್ದಾಳೆ. ಕೊಂಡ ಮೇಲೆ ಅವರಿಬ್ಬರು, ಮೊಮ್ಮಗ, ನನ್ನಾಕೆ, ನಾನು, ಒಟ್ಟು ಐದು ಜನ ಯೂಟಾ ರಾಜ್ಯದ ಜಿಯಾನ್ ಕಣಿವೆಗೆ ಹೋಗಿಬರುವುದೆಂದು ಮಾತು. ನನಗೆ ವಾಹನದ ವಿಷಯ ಗೊತ್ತಿಲ್ಲ. ಕುಡಿಯುವ ನೀರು, ಒಳಚರಂಡಿ ಕೆಲಸದಲ್ಲಿ 31 ವರ್ಷ ಇದ್ದು ನಿವೃತ್ತನಾದವನು. ಕಂಡದ್ದನ್ನು ಬರೆದುಕೊಂಡಿದ್ದೇನೆ.

2.
ಕ್ಯಾಲಿಫೋರ್ನಿಯಾದ ವಾಹನ ಕಾಯ್ದೆಯಲ್ಲಿ ಇದಕ್ಕೆ ‘ಹೌಸ್ ಕಾರ್’ ಎಂದು ಹೆಸರು. 40 ಅಡಿ ಉದ್ದದವರೆಗೆ ಓಡಿಸಲು ಮಾಮೂಲಿ ಕಾರಿನ ಲೈಸೆನ್ಸ್ ಸಾಕು.

3.
ಮೂರು ದರ್ಜೆಗಳಿವೆ. ‘ಎ’ ಅಂದರೆ ಬಸ್ಸಿನಂಥದ್ದು. ‘ಬಿ’ ಅಂದರೆ ವ್ಯಾನು. ‘ಸಿ’ ಅಂದರೆ ಮುಂದೆ ವ್ಯಾನಿನ ಮುಖ, ಹಿಂದೆ ಮನೆ, ಚಾಲಕನ ತಲೆಯ ಮೇಲೆ ಒಂದು ಹಾಸಿಗೆ. ಗಾತ್ರದಲ್ಲಿ ದೊಡ್ಡದು ಎ, ಆಮೇಲೆ ಸಿ, ಕೊನೆಗೆ ಬಿ. ಅಕ್ಷರಗಳನ್ನು ಹೀಗೇಕೆ ಜೋಡಿಸಿದರೋ, ಕೇಳಿದವರಲ್ಲಿ ಯಾರೂ ಹೇಳಲಿಲ್ಲ.

4.
ಮೊದಲು ನೋಡಿದ್ದು ಒಂದು ಅಂಗಡಿಯಲ್ಲಿ. ಒಳಗೆ ಕಾಲಿಟ್ಟಾಗ ನಿಂಬೆಯ ಪರಿಮಳ. ಅದರ ಹಿಂದೆ ಇನ್ನೊಂದು ವಾಸನೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೀಗ ಹಾಕಿಟ್ಟ ಕೋಣೆಯದು. ಹಾಸಿಗೆಯ ತಲೆದೆಸೆಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗಿಳಿಯಿತು. ಚಾವಣಿಗೆ ಹೊದಿಸುವುದು ತೆಳು ರಬ್ಬರ್ ಹಾಳೆ; ಅಂಚಿನಲ್ಲಿ ಬಿರುಕು ಬಿಟ್ಟರೆ ನೀರು ಗೋಡೆಯೊಳಗೆ ಇಳಿಯುತ್ತದೆ, ಹೊರಗೆ ಕಾಣುವುದಿಲ್ಲ. ಅಂಗಡಿಯವರು ಎಂಜಿನ್ ಚೆನ್ನಾಗಿದೆ ಅಂದರು. ಎಂಜಿನ್ ಚೆನ್ನಾಗಿಯೇ ಇತ್ತು.

5.
ಕೊಂಡದ್ದು ವೃದ್ಧ ದಂಪತಿಯಿಂದ. ಸಿ ದರ್ಜೆ, 24 ಅಡಿ, 2012ರದು, 41,000 ಮೈಲಿ ಓಡಿದ್ದು. ಬೆಲೆ 42,000 ಡಾಲರ್. ಸುಮಾರು 35 ಲಕ್ಷ ರೂಪಾಯಿ. ಆಕೆ ಒಂದು ನೋಟ್‌ಬುಕ್ ಕೊಟ್ಟರು. ತಂಗಿದ ಪ್ರತಿ ರಾತ್ರಿಗೆ ಒಂದು ಸಾಲು: ತಾರೀಕು, ಜಾಗ, ಅಲ್ಲಿನ ನೀರಿನ ರುಚಿ. ಕೊನೆಯ ಸಾಲು 2021ರದು. ಅಲ್ಲಿಂದಾಚೆ ಹಾಳೆಗಳು ಖಾಲಿ.

6.
ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿದ್ದವು: 2812. ಎಂದರೆ 2012ನೆಯ ವರ್ಷದ 28ನೆಯ ವಾರದಲ್ಲಿ ತಯಾರಾದದ್ದು. ಆರು ಟೈರಿನಲ್ಲೂ ಗೀರುಗಳು ಇನ್ನೂ ಆಳವಾಗಿದ್ದವು. ಮೆಕ್ಯಾನಿಕ್ ಆರನ್ನೂ ಬದಲಾಯಿಸಿದ. ಈ ಗಾಡಿಗಳ ಟೈರು ಸವೆದು ಹೋಗುವುದಕ್ಕಿಂತ ನಿಂತಲ್ಲೇ ಮುದಿಯಾಗಿ ಹೋಗುವುದು ಹೆಚ್ಚಂತೆ.

7.
ಬಾಗಿಲ ಬಳಿ ತಗಡಿನ ಫಲಕ. ಮನೆ ಕಟ್ಟಿದ್ದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಕೌಂಟಿಯಲ್ಲಿ. ಕೆಳಗಿನ ಫೋರ್ಡ್ ಗಾಡಿ ಒಹಾಯೊದಲ್ಲಿ ತಯಾರಾಗಿ, ಬೆನ್ನಿಲ್ಲದೆ ಬರೀ ಮುಖ ಮತ್ತು ಚೌಕಟ್ಟಾಗಿ ಅಲ್ಲಿಗೆ ಹೋಗುತ್ತದೆ. ಅಮೆರಿಕದ ಇಂಥ ವಾಹನಗಳಲ್ಲಿ ಬಹುಪಾಲು ಆ ಸೀಮೆಯವು. ಅಲ್ಲಿನ ಕಾರ್ಖಾನೆಗಳಲ್ಲಿ ಆಮಿಷ್ ಪಂಥದ ಬಡಗಿಗಳು ಬಹಳ ಜನ. ಮೋಟಾರು ವಾಹನ ಓಡಿಸುವುದು ಅವರ ಧರ್ಮಕ್ಕೆ ಒಗ್ಗದು. ಕೆಲಸಕ್ಕೆ ಬರುವುದು ಸೈಕಲ್ಲಿನಲ್ಲಿ, ಕುದುರೆ ಗಾಡಿಯಲ್ಲಿ, ಇಲ್ಲವೆ ಬೇರೆಯವರು ಓಡಿಸುವ ವ್ಯಾನಿನಲ್ಲಿ.

8.
ಎಲ್ಕಾರ್ಟ್‌ನಲ್ಲಿ ಇವುಗಳದೇ ಒಂದು ಮ್ಯೂಸಿಯಂ ಇದೆ. ಅದರಲ್ಲಿ 1931ರ ಒಂದು ಷೆವ್ರೊಲೆ. ಪ್ಯಾರಾಮೌಂಟ್ ಸಿನಿಮಾ ಕಂಪನಿ ನಟಿ ಮೇ ವೆಸ್ಟ್‌ಗಾಗಿ ಮಾಡಿಸಿದ್ದು. ಹಿಂಬದಿಗೆ ಜಗುಲಿ ಇದೆ.

9.
ಅಮೆರಿಕದ ಆದಾಯ ತೆರಿಗೆಯವರ ಪ್ರಕಾರ ಮಲಗಲು, ಅಡುಗೆ ಮಾಡಲು, ಶೌಚಕ್ಕೆ ಅನುಕೂಲವಿದ್ದರೆ ಅದು ಮನೆ. ಸಾಲದ ಬಡ್ಡಿಗೆ ರಿಯಾಯಿತಿ ಕೇಳಬಹುದು. ದೋಣಿಗೂ ಇದೇ ನಿಯಮ. ನೆಲ ಇರಬೇಕೆಂದು ಎಲ್ಲೂ ಹೇಳಿಲ್ಲ.

10.
ಪೂಜೆಯ ದಿನ ಒಂದು ಪ್ರಶ್ನೆ ಎದ್ದಿತು. ಇದು ವಾಹನ ಪೂಜೆಯೋ, ಗೃಹಪ್ರವೇಶವೋ? ನನ್ನಾಕೆ ಎರಡನ್ನೂ ಮಾಡಿದಳು. ಒಳಗಿನ ಒಲೆಯಲ್ಲಿ ಹಾಲು ಉಕ್ಕಿಸಿದಳು. ಹೊರಗೆ ಗಾಲಿಗಳಿಗೆ ನಿಂಬೆಹಣ್ಣು. ಹಿಂದೆ ಎರಡೂ ಕಡೆ ಜೋಡಿ ಗಾಲಿ. ನಾಲ್ಕು ಹಣ್ಣು ತಂದಿದ್ದೆವು. ಅಳಿಯಂದಿರು ಮತ್ತೆ ಅಂಗಡಿಗೆ ಹೋಗಿ ಎರಡು ತಂದರು.

11.
ಪಾಲೊ ಆಲ್ಟೊದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಗ್ಗುಲಲ್ಲಿ ಹಾದುಹೋಗುವ ಎಲ್ ಕಮಿನೊ ರಸ್ತೆ. ಬದಿಯಲ್ಲಿ ಮೋಟಾರ್ ಹೋಮ್‌ಗಳ ಸಾಲು. ಕಿಟಕಿಗಳಿಗೆ ಒಳಗಿನಿಂದ ರಟ್ಟು. ಒಂದರ ಕನ್ನಡಿಗೆ ಒದ್ದೆ ಟವೆಲ್. ಒಂದರ ಮೆಟ್ಟಿಲ ಮೇಲೆ ಮಕ್ಕಳ ಬೂಟು. ಬೆಳಗಿನ ಜಾವ ಒಬ್ಬ ಇಸ್ತ್ರಿ ಅಂಗಿ ತೊಟ್ಟು ಇಳಿದು ಬಸ್ ಸ್ಟಾಪಿನ ಕಡೆಗೆ ನಡೆದ. ಪಕ್ಕದ ಮೌಂಟನ್ ವ್ಯೂ ಊರಿನವರು 2020ರ ನವೆಂಬರಿನಲ್ಲಿ ಮತ ಹಾಕಿ, ಕಿರಿದಾದ ಬೀದಿಗಳಲ್ಲಿ ಇವುಗಳನ್ನು ನಿಲ್ಲಿಸಬಾರದೆಂದು ತೀರ್ಮಾನಿಸಿದ್ದಾರೆ.

12.
ಆ ಸಾಲಿನಲ್ಲಿ ನಮ್ಮ ಗಾಡಿಯದೇ ಕಂಪನಿಯದು ಎರಡು ಇದ್ದವು.

13.
ನಮ್ಮ ಗಾಡಿಯ ಪೆಟ್ರೋಲ್ ಟ್ಯಾಂಕ್ 208 ಲೀಟರ್. ನೀರಿನ ಟ್ಯಾಂಕ್ 150.

14.
ನೀರಿಗೆ ಮೂರು ತೊಟ್ಟಿ. ಒಳ್ಳೆಯ ನೀರಿಗೆ ಒಂದು. ಪಾತ್ರೆ ತೊಳೆದದ್ದು, ಮಿಂದದ್ದು ಹೋಗುವುದು ‘ಬೂದು’ ತೊಟ್ಟಿಗೆ. ಶೌಚದ್ದು ‘ಕಪ್ಪು’ ತೊಟ್ಟಿಗೆ. ಮೂರೂ ನಮ್ಮ ಕಾಲಡಿಯಲ್ಲೇ, ಸ್ವಲ್ಪ ಸ್ವಲ್ಪ ದೂರದಲ್ಲಿ. ನಮ್ಮ ದೇಶದಲ್ಲಿ ಒಳಚರಂಡಿ ಇರುವ ನಗರಗಳಿಗೆ ಯೋಜನೆ ಹಾಕುವಾಗ ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ. ಆ ಅಂಕಿಯನ್ನು ನಾನು ಎಷ್ಟು ಸಲ ಬರೆದಿದ್ದೇನೋ. ಇಲ್ಲಿ ಐದು ಜನಕ್ಕೆ ಸೇರಿ 150, ಅದೂ ಮತ್ತೆ ನಲ್ಲಿ ಸಿಗುವವರೆಗೆ.

15.
ತೊಟ್ಟಿಗಳ ಮಟ್ಟ ತೋರಿಸಲು ಗೋಡೆಯಲ್ಲಿ ನಾಲ್ಕು ದೀಪ: ಖಾಲಿ, ಮೂರನೇ ಒಂದು, ಮೂರನೇ ಎರಡು, ಪೂರ್ತಿ. ಕಪ್ಪು ತೊಟ್ಟಿ ಬರಿದಾದ ಮೇಲೂ ಮೂರನೇ ಎರಡು ಎಂದೇ ತೋರಿಸುತ್ತದೆ. ಮಟ್ಟ ಅಳೆಯುವ ಒಳಗಿನ ಮೊಳೆಗೆ ಕಾಗದ ಅಂಟಿದರೆ ಹಾಗೆ. ಎಲ್ಲರ ಗಾಡಿಯಲ್ಲೂ ಹೀಗೇ ಅಂದರು ಅಳಿಯಂದಿರು.

16.
ದೀಪ ನಂಬದೆ ನಾನು ಹಳೆಯ ಪದ್ಧತಿಗೆ ಬಂದೆ. 19 ಲೀಟರಿನ ಬಕೆಟ್ಟು, ಕೈಗಡಿಯಾರ. ಬಕೆಟ್ಟು ತುಂಬಲು 57 ಸೆಕೆಂಡು. ನಿಮಿಷಕ್ಕೆ 20 ಲೀಟರ್. ನಲ್ಲಿ ಬದಲಾದಾಗಲೆಲ್ಲ ಮತ್ತೆ ಅಳೆಯಬೇಕು.

17.
ಅಡುಗೆಗೆ ಪ್ರೊಪೇನ್. ನಮ್ಮ 14.2 ಕೆ.ಜಿ. ಸಿಲಿಂಡರಿನಲ್ಲಿ ಪ್ರೊಪೇನ್ ಜೊತೆಗೆ ಬ್ಯುಟೇನ್ ಇರುತ್ತದೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ದ್ರವವಾಗಿಯೇ ಉಳಿಯುತ್ತದೆ; ಪ್ರೊಪೇನ್ ಸೊನ್ನೆಯಿಂದ 42 ಡಿಗ್ರಿ ಕೆಳಗಿನ ಚಳಿಯವರೆಗೂ ಅನಿಲವಾಗಿ ಬರುತ್ತದೆ. ಟ್ಯಾಂಕನ್ನು ಗಾಡಿಯ ಚೌಕಟ್ಟಿಗೇ ಬಿಗಿದಿದ್ದಾರೆ, ಬಿಚ್ಚುವ ಹಾಗಿಲ್ಲ. ಗ್ಯಾಸ್ ಮುಗಿದರೆ ಮನೆಯೇ ಗ್ಯಾಸಿನವನ ಬಾಗಿಲಿಗೆ ಹೋಗಬೇಕು.

18.
ಫ್ರಿಜ್ಜು ಬೆಂಕಿಯಿಂದ ನಡೆಯುತ್ತದೆ. ಹೊರಗಿನ ಜಾಲರಿ ತೆಗೆದರೆ ಸಣ್ಣ ನೀಲಿ ಜ್ವಾಲೆ ಕಾಣುತ್ತದೆ. ಜ್ವಾಲೆ ಅಮೋನಿಯಾ ನೀರನ್ನು ಕಾಯಿಸುತ್ತದೆ. ಅಮೋನಿಯಾ ಬೇರ್ಪಟ್ಟು, ಮೇಲೆ ಹೋಗಿ ದ್ರವವಾಗಿ, ಹೈಡ್ರೋಜನ್ ನಡುವೆ ಮತ್ತೆ ಆವಿಯಾಗುವಾಗ ಶಾಖವನ್ನು ಹೀರುತ್ತದೆ. ಮೋಟಾರಿಲ್ಲ, ಸದ್ದಿಲ್ಲ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಇದನ್ನು ಕಂಡುಹಿಡಿದರು. ಜ್ವಾಲೆಯ ಈಚೆ ಬದಿಯಲ್ಲಿ, ಒಂದು ಗೇಣಿನಾಚೆ, ನಮ್ಮ ಮೊಸರು.

19.
ಗಾಡಿ ವಾಲಿ ನಿಂತರೆ ಆ ದ್ರವ ಕೊಳವೆಯಲ್ಲಿ ನಿಂತುಬಿಡುತ್ತದೆ, ಫ್ರಿಜ್ಜು ಕೆಡುತ್ತದೆ. ಹಾಗಾಗಿ ತಂಗಿದಲ್ಲೆಲ್ಲ ಮೊದಲ ಕೆಲಸ ರಸಮಟ್ಟ ಇಟ್ಟು ನೋಡುವುದು. ತಗ್ಗಿನ ಗಾಲಿಗೆ ಪ್ಲಾಸ್ಟಿಕ್ ಹಲಗೆ ಕೊಡುವುದು, ಗಾಡಿಯನ್ನು ಗೇಣಷ್ಟು ಹತ್ತಿಸುವುದು. ಊರ ಜಾತ್ರೆಯಲ್ಲಿ ತೇರಿನ ಗಾಲಿಗೆ ಮರದ ತುಂಡು ಒಡ್ಡುವವರು ಹೀಗೇ ಬಗ್ಗಿ, ಹೀಗೇ ಕೈ ಎತ್ತಿ ನಿಲ್ಲಿಸುತ್ತಿದ್ದರು.

20.
ಸ್ಟೀಲ್ ಲೋಟಗಳಿಗೆ ಮೊಮ್ಮಗನ ಕಾಲುಚೀಲ ತೊಡಿಸಿದ್ದಾಯಿತು. ಸದ್ದು ನಿಂತಿತು.

21.
ಅಕ್ಟೋಬರಿನಲ್ಲಿ ಹೊರಟೆವು. ರಾತ್ರಿಯ ಚಳಿಗೆ ಇಡ್ಲಿ ಹಿಟ್ಟು ಹುದುಗಲಿಲ್ಲ. ಮುಂದಿನ ಎರಡು ಸೀಟುಗಳ ನಡುವೆ ಒಂದು ದಿಬ್ಬ ಇದೆ, ಅದರ ಕೆಳಗೆ ಎಂಜಿನ್. ಹತ್ತು ಸಿಲಿಂಡರಿನದು. ಓಡುವಾಗ ದಿಬ್ಬ ಕಾಯುತ್ತದೆ, ಕಾಲಿಗೆ ಬಿಸಿ ತಟ್ಟುತ್ತದೆ. ನನ್ನಾಕೆ ಅರ್ಧ ತುಂಬಿದ ಡಬ್ಬಿಯನ್ನು ಅದಕ್ಕೆ ಒರಗಿಸಿ, ಟವೆಲ್ ಸುತ್ತಿ, ಬೆಲ್ಟ್ ಬಿಗಿದಳು. ಬೇಕರ್ಸ್‌ಫೀಲ್ಡ್‌ನಿಂದ ಹೊರಟು ನಾಲ್ಕು ಗಂಟೆಯಲ್ಲಿ ಹಿಟ್ಟು ಬಾಯಿವರೆಗೆ ಬಂತು. ಗಾಡಿ ಗುಂಡಿಗೆ ಇಳಿದಾಗ ಕುಸಿಯಿತು. ಮತ್ತೆ ಬಂತು.

22.
ಟೆಹಚಾಪಿ ಕಣಿವೆ ದಾರಿ. ಗಾಳಿಯಂತ್ರಗಳು ತಿರುಗುತ್ತಿವೆ. ಗಾಡಿಯ ಪಕ್ಕೆಗೆ ಗಾಳಿ ಬಡಿದಾಗಲೆಲ್ಲ ಅಳಿಯಂದಿರ ಎರಡೂ ಕೈ ಬಿಳಿಚಿಕೊಳ್ಳುತ್ತವೆ. ಲೀಟರಿಗೆ ಮೂರೂವರೆ ಕಿಲೋಮೀಟರ್.

23.
ಮೊಹಾವಿ ಊರಿನ ಮಗ್ಗುಲಲ್ಲಿ ಬಿಟ್ಟುಹೋದ ವಿಮಾನಗಳು ಸಾಲಾಗಿ ನಿಂತಿವೆ.

24.
ಹಿಂದಿನ ಗಾಲಿಯಾಚೆ ಮನೆ ಎರಡು ಮೀಟರಿಗಿಂತ ಹೆಚ್ಚು ಚಾಚಿದೆ. ಮೂತಿ ಬಲಕ್ಕೆ ತಿರುಗಿದರೆ ಬಾಲ ಎಡಕ್ಕೆ ಬೀಸುತ್ತದೆ. ಬಾರ್‌ಸ್ಟೊದ ಒಂದು ಪೆಟ್ರೋಲ್ ಬಂಕಿನ ಹಳದಿ ಕಂಬದಲ್ಲಿ ಬಿಳಿ ಬಣ್ಣದ ಗೀರುಗಳಿದ್ದವು, ಬೇರೆ ಬೇರೆ ಎತ್ತರದಲ್ಲಿ. ನಮ್ಮದೂ ಒಂದು ಸೇರಿತು.

25.
ದೀಪಗಳು 12 ವೋಲ್ಟಿನ ಬ್ಯಾಟರಿಯಿಂದ ಉರಿಯುತ್ತವೆ. ಮಿಕ್ಸಿಗೆ ಅದು ಸಾಲದು, ಜನರೇಟರ್ ಬೇಕು. ಚಟ್ನಿಗೆ ಮೂರು ನಿಮಿಷ ಓಡಿಸಿದೆವು. ಜನರೇಟರ್ ಕುಡಿಯುವುದು ಗಾಡಿಯದೇ ಪೆಟ್ರೋಲ್. ಆದರೆ ಅದರ ಕೊಳವೆಯನ್ನು ಟ್ಯಾಂಕಿನ ತಳದವರೆಗೆ ಇಳಿಸಿಲ್ಲ. ಕಾಲುಭಾಗ ಉಳಿದಾಗ ತಾನೇ ನಿಲ್ಲುತ್ತದೆ. ಮನೆ ಕತ್ತಲಾದರೂ ಗಾಡಿ ಹೊರಡಬಹುದು.

26.
ಜಿಯಾನ್‌ನಲ್ಲಿ ಬಂಡೆ ಕೊರೆದ ಸುರಂಗ. 1930ರದು, 1.8 ಕಿಲೋಮೀಟರ್. ಅಗಲ 7 ಅಡಿ 10 ಅಂಗುಲ ಮೀರಿದ ಗಾಡಿ ತನ್ನ ಸಾಲಿನಲ್ಲಿ ಹಿಡಿಸುವುದಿಲ್ಲ. ನಮ್ಮದು 8 ಅಡಿ 4 ಅಂಗುಲ. 15 ಡಾಲರ್ ಕಟ್ಟಿದೆವು. ರೇಂಜರು ಆ ತುದಿಯ ಸಂಚಾರವನ್ನೆಲ್ಲ ತಡೆದರು. ನಾವು ಸುರಂಗದ ನಟ್ಟನಡುವೆ ಹೋದೆವು. ಆಚೆ ಹೊರಬಂದಾಗ ಕಾದು ನಿಂತ ಕಾರುಗಳ ಸಾಲು. ಮೊಮ್ಮಗ ಪ್ರತಿ ಕಾರಿಗೂ ಕೈ ಬೀಸಿದ.

27.
ಜಿಯಾನ್‌ನ ವಾಚ್‌ಮನ್ ಶಿಬಿರದಲ್ಲಿ ನಮಗೆ ಕರೆಂಟು ಇತ್ತು, ನೀರಿನ ಸಂಪರ್ಕ ಇರಲಿಲ್ಲ. ಕುಕ್ಕರ್ ಕೂಗಿತು. ಪಕ್ಕದ ಬಾಗಿಲು ತೆರೆದು ಒಬ್ಬರು ಆಕಾಶ ನೋಡಿದರು.

28.
ಆ ಪಕ್ಕದವರದು ಸೌತ್ ಡಕೋಟದ ನಂಬರು ಫಲಕ. ಅಲ್ಲಿ ಮನೆ ಇಲ್ಲ, ನೆಂಟರಿಲ್ಲ. ಅಲ್ಲಿ ಒಂದು ರಾತ್ರಿ ತಂಗಿದ ರಸೀತಿ, ಟಪಾಲು ಹಿಡಿದಿಡುವ ಒಂದು ವಿಳಾಸ, ಇವಿದ್ದರೆ ಊರೂರು ಸುತ್ತುವವರಿಗೆ ಆ ರಾಜ್ಯದ ಲೈಸೆನ್ಸು ಸಿಗುತ್ತದೆ. ಅವರಿಗೆ 74, ಹೆಂಡತಿಗೆ 71. ಟೆಕ್ಸಸ್‌ನ ಲಿವಿಂಗ್‌ಸ್ಟನ್ ಎಂಬ ಊರಿನ ಬಗ್ಗೆ ಹೇಳಿದರು. ಇಂಥವರೇ 1978ರಲ್ಲಿ ಕಟ್ಟಿಕೊಂಡ ‘ಎಸ್ಕೇಪೀಸ್’ ಸಂಘದ ನೆಲೆ ಅದು. ಗಾಡಿ ಓಡಿಸಲಾಗದಷ್ಟು ಮುಪ್ಪಾದವರು ಅಲ್ಲಿ ತಮ್ಮ ಗಾಡಿಯಲ್ಲೇ ಉಳಿಯಬಹುದು. ಊಟ ಕೊಡುತ್ತಾರೆ, ಹಗಲು ನೋಡಿಕೊಳ್ಳುತ್ತಾರೆ. ಗಾಡಿ ಮಾತ್ರ ಹೊರಡುವುದಿಲ್ಲ.

29.
ಬಾಲ್ಯದಲ್ಲಿ ನಮ್ಮ ಹೊಲಕ್ಕೆ ಶಿರಾ ಸೀಮೆಯಿಂದ ಕುರಿ ಮಂದೆ ಬರುತ್ತಿತ್ತು. ಕತ್ತೆಯ ಬೆನ್ನ ಮೇಲೆ ಕಂಬಳಿ, ಮಡಕೆ, ಬುಟ್ಟಿಯಲ್ಲಿ ಕೋಳಿ. ಅಪ್ಪ ಕುರಿಗಾಹಿಗಳಿಗೆ ರಾಗಿ ಅಳೆದು ಕೊಡುತ್ತಿದ್ದರು. ಯಾವ ಊರು ಎಂದು ಕೇಳಿದರೆ ಅವರು ಹಟ್ಟಿಯ ಹೆಸರು ಹೇಳುತ್ತಿದ್ದರು, ತಪ್ಪದೆ.

30.
ಕಣಿವೆಯ ಗೋಡೆಗಳು 600 ಮೀಟರ್ ಎತ್ತರ. ಕೊರೆದದ್ದು ವರ್ಜಿನ್ ಹೊಳೆ. ಅಕ್ಟೋಬರಿನಲ್ಲಿ ಮೊಣಕಾಲುದ್ದ ನೀರು.

31.
ಹೊರಡುವ ದಿನ ಮೈಲಿಗೆ ತೊಟ್ಟಿಗಳನ್ನು ಬರಿದು ಮಾಡುವ ಜಾಗಕ್ಕೆ ಹೋದೆವು. ನೆಲದಲ್ಲಿ ಕಾಂಕ್ರೀಟ್ ಇಳಿಜಾರು, ನಡುವೆ ಮುಚ್ಚಳವಿರುವ ತೂತು. ಸರದಿಯಲ್ಲಿ ಐದು ಗಾಡಿ. ಅವುಗಳಲ್ಲಿ ಒಂದು ‘ಎ’ ದರ್ಜೆಯದು, ಮನೆಯೊಂದರ ಬೆಲೆ ಬಾಳುವಂಥದ್ದು. ಅದರ ಒಡೆಯ ಇಳಿದು ರಬ್ಬರ್ ಗ್ಲೌಸ್ ತೊಟ್ಟು, ಮೂರು ಮೀಟರಿನ ಕೊಳವೆ ಜೋಡಿಸಿ, ಮೊದಲು ಕಪ್ಪು ತೊಟ್ಟಿಯ ಕವಾಟ ಎಳೆದ. ಆಮೇಲೆ ಬೂದು ತೊಟ್ಟಿಯದು. ಸೋಪಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗಲೆಂದು ಈ ಕ್ರಮ. ಕೊನೆಗೆ ಚೆಲ್ಲಿದ ಕಡೆ ನೀರು ಹಾಯಿಸಿದ, ಮುಂದಿನವರಿಗೆ ತಲೆಯಾಡಿಸಿದ. ಮುಂದಿನವಳು ಒಬ್ಬ ಹೆಂಗಸು, ಒಬ್ಬಳೇ. ಅವಳೂ ಹಾಗೇ. ನಮ್ಮ ಸರದಿಯಲ್ಲಿ ಅಳಿಯಂದಿರು. ನಾನು ಕೊಳವೆಯ ತುದಿ ಹಿಡಿದೆ. ಅವರು ಬೇಡ ಮಾವ ಅಂದರು. ಬಿಡಲಿಲ್ಲ.

32.
31 ವರ್ಷ ಒಳಚರಂಡಿಯ ನಕ್ಷೆ ಬರೆದೆ, ಅಂದಾಜುಪಟ್ಟಿ ಬರೆದೆ. ಮ್ಯಾನ್‌ಹೋಲಿಗೆ ಇಳಿಯುತ್ತಿದ್ದವರು ಬೇರೆ ಜನ. ಅವರ ಕೇರಿಯೂ ಬೇರೆ. ಮಲ ಹೊರುವ ಕೆಲಸಕ್ಕೆ ಜನರನ್ನು ಹಚ್ಚಬಾರದೆಂದು 1993ರಲ್ಲಿ ಒಂದು ಕಾಯ್ದೆ ಬಂತು. 2013ರಲ್ಲಿ ಇನ್ನೊಂದು. ಅಷ್ಟು ವರ್ಷಗಳಲ್ಲಿ ನಾನು ಒಂದು ದಿನವೂ ಕೊಳವೆ ಕೈಯಲ್ಲಿ ಹಿಡಿದಿರಲಿಲ್ಲ.

33.
ಜಿಯಾನ್‌ನಲ್ಲಿ ಕಳೆದ ದಿನ 5. ಜನ 5. ತೊಟ್ಟಿಯಿಂದ ಇಳಿದ ನೀರು 225 ಲೀಟರ್. ತಲೆಗೆ ದಿನಕ್ಕೆ 9. ಶಿಬಿರದ ಶೌಚಾಲಯದಲ್ಲಿ ಬಳಸಿದ್ದು, ಊರೊಳಗೆ ದುಡ್ಡು ಕೊಟ್ಟು ಎರಡು ಸಲ ಮಿಂದದ್ದು ಇದರಲ್ಲಿ ಸೇರಿಲ್ಲ.

34.
ಸ್ಯಾನ್ ಹೊಸೆಗೆ ಮರಳಿದ ಮರುದಿನ, ಬೆಳಿಗ್ಗೆ ಆರಕ್ಕೆ ಮತ್ತು ರಾತ್ರಿ ಹತ್ತಕ್ಕೆ, ಮನೆ ಮುಂದಿನ ನೀರಿನ ಮೀಟರ್ ಮುಚ್ಚಳ ಎತ್ತಿ ನೋಡಿದೆ. ಅದೇ ಐದು ಜನ. ಬಟ್ಟೆ ಒಗೆದದ್ದು ಸೇರಿ 1,300 ಲೀಟರ್.