ಕಾಣದ ಮಗ್ಗುಲು

ಕಳೆದುಹೋದುದರ ಚಿತ್ರವಾದರೂ ಕೈಯಲ್ಲಿ ಉಳಿಯಲೆಂಬುದು ಮನುಷ್ಯನಿಗೆ ಸಹಜವಾದ ಆಸೆ. ಆದರೆ ಆ ಚಿತ್ರವು ತೀರ ನಿಜದಂತೆಯೇ ಇದ್ದುಬಿಟ್ಟರೆ ಏನಾಗುತ್ತದೆ? ಬೈರಿದೇವರಕೊಪ್ಪದ ಒಂದು ಮನೆಯಲ್ಲಿ ಅಜ್ಜಿಗೂ ಮೊಮ್ಮಗನಿಗೂ ಈಚೆಗೆ ಇದರ ಅನುಭವವಾಯಿತು.

ಅಜ್ಜಿಯ ತವರು ಚಿಕ್ಕಬಳ್ಳಾಪುರ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದವರ ಕೈಹಿಡಿದು ಇತ್ತ ಬಂದ ಆಕೆಯ ನಾಲಗೆ ಪೂರ್ತಿ ಧಾರವಾಡದ್ದಾಗಿದೆ. ನೆನಪು ಮಾತ್ರ ಆಚೆಯದು. 1950ರ ದಶಕದ ಬೇಸಿಗೆಗಳಲ್ಲಿ ಆಕೆ ಬೆಂಗಳೂರಿನ ಅಜ್ಜನ ಮನೆಗೆ ಹೋಗುತ್ತಿದ್ದುದು ಪುಟ್ಟ ರೈಲಿನಲ್ಲಿ. ಯಶವಂತಪುರದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಗಳನ್ನು ಹಾದು ಕೋಲಾರದತ್ತ ಸಾಗುತ್ತಿದ್ದ ಆ ನ್ಯಾರೋಗೇಜ್ ಮಾರ್ಗ 1910ರ ದಶಕದ್ದು. ಬಂಗಾರಪೇಟೆ–ಕೋಲಾರದ ತುಂಡು 1913ರಲ್ಲಿಯೇ ತೆರೆದಿತ್ತು. ಬ್ರಾಡ್‌ಗೇಜ್ ಹಳಿಗಳ ನಡುವಣ ಅಂತರ 1676 ಮಿಲಿಮೀಟರ್. ಇಲ್ಲಿ 762, ಎಂದರೆ ಎರಡೂವರೆ ಅಡಿ ಮಾತ್ರ. ಕಡಿಮೆ ಖರ್ಚು, ಕಡಿದಾದ ತಿರುವಿಗೂ ಒಗ್ಗುವ ಗುಣ, ಇವೆರಡೇ ಅದರ ಹೆಚ್ಚುಗಾರಿಕೆ. 1990ರ ದಶಕದಿಂದ ಆ ಕಿರುಹಳಿಗಳು ಒಂದೊಂದಾಗಿ ಮರೆಯಾದವು. 2013ರಲ್ಲಿ ಚಿಕ್ಕಬಳ್ಳಾಪುರ–ಕೋಲಾರಗಳ ನಡುವೆಯೂ ಬ್ರಾಡ್‌ಗೇಜ್ ಗಾಡಿ ಓಡತೊಡಗಿತು.

ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನು ಅಜ್ಜಿಯ ಆ ಗಾಡಿಯನ್ನು ಗಣಕಯಂತ್ರದಲ್ಲಿ ಮತ್ತೆ ಕಟ್ಟಲು ಹೊರಟನು. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ 2020ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದ ಹೆಬ್ಬಾಗಿಲಲ್ಲಿರುವ ಎರಡು ಪುಟ್ಟ ಎಂಜಿನುಗಳೇ ಅವನ ಗುರುಗಳು. ರಿವೆಟ್ಟು ತಗಡಿನ ಮೇಲೆ ಹೇಗೆ ಕೂಡುತ್ತದೆ, ತುಕ್ಕು ಯಾವ ಸಂದಿಯಿಂದ ಇಳಿಯುತ್ತದೆ ಎಂಬುದನ್ನು ಅವನು ಅಲ್ಲಿ ನಿಂತು ಕಲಿತನು.

ಗಣಕಯಂತ್ರದಲ್ಲಿ ಗಾಡಿ ಕಟ್ಟುವುದು ಚಿತ್ರಗಾರಿಕೆಗಿಂತ ಬಡಗಿತನಕ್ಕೆ ಹತ್ತಿರ. ಕಾಸಿಲ್ಲದೆ ದೊರೆಯುವ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಸಾವಿರಾರು ಚಪ್ಪಟೆ ತುಣುಕುಗಳನ್ನು ಹೆಣೆದು ಬಾಯ್ಲರು, ಗಾಲಿ, ಬಾಗಿಲುಗಳನ್ನು ಮಾಡಬೇಕು. ಲೋಕದಲ್ಲಿ ಯಾವ ಕಬ್ಬಿಣದ ಅಂಚೂ ಗಣಿತದ ಗೆರೆಯಂತೆ ಚೂಪಾಗಿರುವುದಿಲ್ಲ. ಅದನ್ನು ಕೂದಲೆಳೆಯಷ್ಟು ಉರುಟಾಗಿಸಿದಾಗಲೇ ಬೆಳಕು ಅಲ್ಲಿ ಮಿನುಗಿ ಕಬ್ಬಿಣ ಕಬ್ಬಿಣವೆನಿಸುತ್ತದೆ. ಹತ್ತಾರು ಕೈ ಹಿಡಿದ ಹಿಡಿಕೆ ಹೊಳೆಯಬೇಕು, ಮಸಿ ಕೂತ ಮಾಡು ಮಂಕಾಗಬೇಕು. ಕೊನೆಗೆ ಯಂತ್ರವು ಚಿತ್ರದ ಒಂದೊಂದು ಬಿಂದುವಿನಿಂದಲೂ ನೋಟದ ಕಿರಣವನ್ನಟ್ಟಿ, ಅದು ಎಲ್ಲೆಲ್ಲಿ ತಾಗಿ ಚಿಮ್ಮಿ ಬೆಳಕಿನ ಮೂಲವನ್ನು ಮುಟ್ಟಿತೆಂದು ಲೆಕ್ಕ ಹಾಕುತ್ತದೆ. ಒಂದು ಚಿತ್ರಕ್ಕೆ ಕೆಲವೊಮ್ಮೆ ಇಡೀ ರಾತ್ರಿ ಬೇಕು.

ಮನೆಯಲ್ಲಿದ್ದ ಒಂದೇ ಒಂದು ಹಳೆಯ ಫೋಟೋದಲ್ಲಿ ಬೋಗಿಯ ಒಂದು ಮಗ್ಗುಲಷ್ಟೇ ಕಾಣುತ್ತಿತ್ತು. ಉಳಿದುದನ್ನು ಹುಡುಗನು ಊಹೆಯಿಂದ ತುಂಬಿದನು. ಒಳಗೆ ಬೇರಾವುದೋ ಬೆಟ್ಟದ ರೈಲಿನ ಚಿತ್ರ ನೋಡಿ ಅಡ್ಡಡ್ಡ ಆಸನಗಳನ್ನು ಜೋಡಿಸಿದನು. ಚಿತ್ರ ಅದೆಷ್ಟು ಸೊಗಸಾಗಿ ಬಂದಿತೆಂದರೆ, ಬಂಧುಗಳು "ಈ ಫೋಟೋ ಯಾವಾಗ ತಗದದ್ದು?" ಎಂದು ಕೇಳಿದರು. ಹುಡುಗ ಹಿಗ್ಗಿದನು.

ಮೂರು ವಾರ ಕಳೆಯಿತು. ಒಂದು ಸಂಜೆ ಅಜ್ಜಿ ಆ ಚಿತ್ರವನ್ನು ನೋಡುತ್ತ ಹೇಳಿದಳು: "ಹೌದೋ ತಮ್ಮಾ, ಹಿಂಗ ಅಡ್ಡಡ್ಡ ಹಲಗಿ ಇದ್ದುವು. ನಾ ಮೂರನೇದರಾಗ ಕೂಡತಿದ್ದೆ."

ಹುಡುಗನಿಗೆ ಎದೆ ಝಲ್ಲೆಂದಿತು. ಕೆಲಸ ತೊಡಗುವ ಮುನ್ನ ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದನು; ಆಮೇಲೆ ಕೇಳುವ ತಾಳ್ಮೆ ಸಾಲದೆ ಬಿಟ್ಟಿದ್ದನು. ಅಂದು ರಾತ್ರಿ ಅದನ್ನು ತೆರೆದನು. ಅಜ್ಜಿಯ ದನಿ ಸ್ಪಷ್ಟವಾಗಿ ಹೇಳುತ್ತಿತ್ತು: "ಗ್ವಾಡಿಗುಂಟ ಉದ್ದಕ ಹಲಗಿ. ನಡುವ ಗಂಟುಮೂಟಿ ಇಡತಿದ್ರು. ಎದುರು ಕೂತವರ ಮಾರಿ ನೋಡಕೋತ ಹೋಗೋದು."

ಎಪ್ಪತ್ತು ವರ್ಷ ಉಳಿದ ನೆನಪನ್ನು ಅವನ ಜಾಣ್ಮೆ ಮೂರು ವಾರಗಳಲ್ಲಿ ಅಳಿಸಿತ್ತು. ಕೆಟ್ಟ ಚಿತ್ರವಾಗಿದ್ದರೆ ಅಜ್ಜಿ ನಕ್ಕು ತಿದ್ದುತ್ತಿದ್ದಳು. ಅಂಚು ಉರುಟಾಗಿತ್ತು, ಬೆಳಕು ನ್ಯಾಯವಾಗಿ ಬಿದ್ದಿತ್ತು. ಆದ್ದರಿಂದಲೇ ಆಕೆ ತನ್ನನ್ನು ಬಿಟ್ಟು ಚಿತ್ರವನ್ನು ನಂಬಿದಳು.

ಮರುದಿನ ಅವನು ಆ ದನಿಯನ್ನು ಅಜ್ಜಿಗೇ ಕೇಳಿಸಿದನು. ಆಕೆ ಕಿವಿಗೊಟ್ಟು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮುದುಕಿಗೆ ಗೊತ್ತಿತ್ತು ನೋಡು, ನನಗ ಮರತಿತ್ತು" ಎಂದು ನಕ್ಕಳು.

ಈಗ ಅವನ ಪದ್ಧತಿ ಬದಲಾಗಿದೆ. ಮೊದಲು ಕೇಳುತ್ತಾನೆ, ಬರೆದುಕೊಳ್ಳುತ್ತಾನೆ, ಆಮೇಲೆ ಕಟ್ಟುತ್ತಾನೆ, ಕಟ್ಟಿದ್ದನ್ನು ಕಡೆಗೆ ತೋರಿಸುತ್ತಾನೆ. ಆಸನಗಳು ಗೋಡೆಗುಂಟ ಸರಿದಿವೆ. ಫೋಟೋದಲ್ಲಿ ಕಂಡ ಮಗ್ಗುಲಿಗೆ ಮಸಿ, ಧೂಳು, ಸವಕಳಿ ಎಲ್ಲವೂ ಇದೆ. ಮತ್ತೊಂದು ಮಗ್ಗುಲು ಒಲೆಗೆ ಹೋಗದ ಹಸಿಮಣ್ಣಿನ ಗಡಿಗೆಯಂತೆ ಬರಿಯ ಬೂದುಬಣ್ಣದಲ್ಲಿ ನಿಂತಿದೆ.

"ಈ ಕಡೆ ಬಣ್ಣ ಯಾಕ ಹಚ್ಚಿಲ್ಲೋ?" ಎಂದು ಅಜ್ಜಿ ಕೇಳಿದಳು.

"ಆ ಕಡೆ ನಾವು ಯಾರೂ ನೋಡಿಲ್ಲಲ್ಲ, ಅಜ್ಜಿ."

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಹಂಗಾದ್ರ ಇರ್ಲಿ ಬಿಡು. ನೋಡಿದವರು ಯಾರರ ಬಂದ್ರ ಕೇಳೋಣು."