ಮೂರೂವರೆ ಮಿಲಿಮೀಟರಿನ ತೂತು

ಹೆಡ್‌ಫೋನ್ ಜ್ಯಾಕು ಲ್ಯಾಪ್‌ಟಾಪಿಗಿಂತ ಭಾಳ ಹಳೇದು, ಟೆಲಿಫೋನ್ ಎಕ್ಸ್‌ಚೇಂಜಿನ ಕಾಲದ್ದು. ಇಂಥ ಹಿರಿಯ ನನ್ನ ಆನ್‌ಲೈನ್ ಇಂಟರ್‌ವ್ಯೂದ ಹಿಂದಿನ ದಿನವೇ ಕೈಕೊಟ್ಟ. ಹೆಡ್‌ಸೆಟ್ ಹಾಕಿದರೂ ದನಿ ಸ್ಪೀಕರಿನಿಂದಲೇ! ಅಥಣಿಯ ನಮ್ಮ ಮನೆಯೊಳಗ ಹಗಲೆಲ್ಲ ಅಪ್ಪ ಕೊಲ್ಹಾಪುರಿ ಚಪ್ಪಲಿಯ ತೊಗಲು ಕುಟ್ಟುತ್ತಿರುತ್ತಾರೆ. "ನಾಳೆ ಕೆಲಸ ಬಂದ್ ಇಡ್ತೀನಿ ಬಿಡಪಾ" ಅಂದರು. ಜೋಡಿಗಿಷ್ಟು ಅಂತ ದುಡಿಯೋರಿಗೆ ಬಂದ್ ಅಂದ್ರ ಒಂದಿನದ ಗಳಿಕೆಯೇ ಹೋದಂಗ.

ಹೆಡ್‌ಸೆಟ್ ಮೊಬೈಲಿನಲ್ಲಿ ಸರಿ ಇತ್ತು. ಡ್ರೈವರ್ ತೆಗೆದು ಹಾಕಿದೆ, ಪೆನ್‌ಡ್ರೈವಿನಿಂದ ಉಬುಂಟು ಬೂಟ್ ಮಾಡಿದೆ. ಅಲ್ಲೂ ಅದೇ ಹಾಡು. ಅಂದಮೇಲೆ ಸಾಫ್ಟ್‌ವೇರ್ ನಿರಪರಾಧಿ. ಜ್ಯಾಕಿನೊಳಗೆ ಸಣ್ಣದೊಂದು ಸ್ವಿಚ್ ಇರುತ್ತದೆ. ಪಿನ್ನು ಪೂರ್ತಿ ಒಳಗೆ ಹೋದಾಗಲೇ ಅದು ಲ್ಯಾಪ್‌ಟಾಪಿಗೆ "ಬಂದೈತಿ" ಅಂತ ತಿಳಿಸೋದು. ನನ್ನ ಪಿನ್ನು ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತಿತ್ತು. ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ತೊಗಲಿನ ಪುಡಿ!

ಲ್ಯಾಪ್‌ಟಾಪ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆದೆ. (ಸೂಜಿ ಮಾತ್ರ ಬ್ಯಾಡ್ರಿ, ಒಳಗಿನ ತಗಡು ಬಾಗಿದರೆ ಕತೆ ಮುಗೀತು.) ಪಿನ್ನು ಟಕ್ಕಂತ ಕೂತಿತು.

ಮರುದಿನ ಅಪ್ಪ ಕುಟ್ಟುತ್ತಲೇ ಇದ್ದರು. ಮೈಕು ಬಾಯಿ ಹತ್ತಿರವೇ ಇದ್ದದ್ದಕ್ಕೆ ನನ್ನ ಮಾತು ಸ್ವಚ್ಛ ಕೇಳಿತು. ಆದರೂ ನಡುವೆ ಒಮ್ಮೆ ಅವರು "ಅದೇನು ಸದ್ದು?" ಅಂತ ಕೇಳಿದರು.

"ನಮ್ಮ ಅಪ್ಪಾರು ಚಪ್ಪಲಿ ಮಾಡಾಕತ್ತಾರ್ರಿ ಸರ್" ಅಂದೆ.